ಮನಸ್ಸು ಕುಸಿದವರಿಗೆ ಮನೆಯವರು, ನೆರೆಯವರು ಮಾಡಬಹುದಾದ ಸಹಾಯ

ಎದೆನೋವು ಎಂದರೆ ಮನೆಯವರು ಕೂಡಲೇ ಗಾಡಿ ತರಿಸುತ್ತಾರೆ. ಮನಸ್ಸು ಸರಿಯಿಲ್ಲ ಎಂದರೆ ಮಾತ್ರ ಮಗಳ ಲಗ್ನ, ಅಂಗಡಿಯ ಪತ್ತು ನೆನಪಾಗಿ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಈ ರೂಢಿ ಬೆಳಗಾವಿ ಪೇಟೆಯಲ್ಲೂ ಇದೆ, ಖಾನಾಪುರದ ಹಳ್ಳಿಗಳಲ್ಲೂ ಇದೆ. ಅಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ.

ನಿದ್ದೆ ಬಾರದಿರುವುದು, ಸ್ನಾನ ಬಿಡುವುದು, ಅಂಗಡಿಗೆ ಬಂದರೂ ಲೆಕ್ಕದಲ್ಲಿ ಮನಸ್ಸಿಲ್ಲದಿರುವುದು ಮೊದಲ ಸೂಚನೆಗಳು. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸಿ "ಇನ್ನ ನನ್ನ ಕೆಲಸ ಮುಗೀತು" ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಜೈನ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಖಿನ್ನತೆಯಿಂದ ಊಟ ಬಿಟ್ಟವರನ್ನು ಉಪವಾಸ ಹಿಡಿದಿದ್ದಾರೆ ಎಂದು ತಿಳಿಯುವ ಸಂಭವವಿದೆ, ಅದರಲ್ಲೂ ದಶಲಕ್ಷಣ ಪರ್ವದ ದಿನಗಳಲ್ಲಿ. ವ್ರತ ಹಿಡಿದವರು ಪಾರಣೆ ಯಾವಾಗ ಎಂದು ಹೇಳುತ್ತಾರೆ, ಬಸದಿಗೆ ಹೋಗುತ್ತಾರೆ, ನಾಲ್ಕು ಜನರೊಡನೆ ಮಾತಾಡುತ್ತಾರೆ. ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದವರ ವಿಷಯ ಬೇರೆ, ಅವರನ್ನು ವಿಚಾರಿಸಲೇಬೇಕು.

ಮಾತು ಶುರುಮಾಡಲು ದೊಡ್ಡ ವಿದ್ಯೆ ಬೇಕಿಲ್ಲ. "ತಮ್ಮಾ, ನಾಲ್ಕು ದಿನದಿಂದ ನೀ ಮೊದಲಿನಂಗ ಇಲ್ಲ, ಏನಾಗೈತಿ?" ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂಡಬೇಕು. "ನಿನಗೇನು ಕಡಿಮಿ ಆಗೈತಿ?", "ಎಲ್ಲಾ ಕರ್ಮದ ಫಲ" ಎಂಬ ಮಾತುಗಳು ನೊಂದವರ ಮೇಲೆಯೇ ತಪ್ಪು ಹೊರಿಸುತ್ತವೆ. "ಸಾಯಬೇಕು ಅನ್ನಸ್ತೈತೇನು?" ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುತ್ತದೆ ಎಂಬ ಭಯ ಸರಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬಾರದು. ಸರದಿಯ ಮೇಲೆ ಒಬ್ಬೊಬ್ಬರು ಜೊತೆಗಿರಬೇಕು. ಹೊಲದ ಔಷಧಿ, ಮನೆಯ ಮಾತ್ರೆಗಳನ್ನು ಬೇರೆ ಮನೆಗೆ ಸಾಗಿಸಬೇಕು. "ಯಾರಿಗೂ ಹೇಳೂದಿಲ್ಲ" ಎಂದು ಮಾತು ಕೊಡಬಾರದು. ಪ್ರಾಣಕ್ಕೆ ಅಪಾಯ ಕಂಡರೆ 112 ಅಥವಾ 108ಕ್ಕೆ ಕರೆ ಮಾಡಬೇಕು.

ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಸಿಗುತ್ತದೆ. ಮನೆಯವರೂ ಕರೆ ಮಾಡಬಹುದು. ಕನ್ನಡದಂತೆ ಮರಾಠಿಯಲ್ಲೂ ಮಾತಾಡುವ ಅನುಕೂಲ ಇರುವುದರಿಂದ ಖಾನಾಪುರ ಭಾಗದ ಹಿರಿಯರಿಗೆ ಇದು ಬಹಳ ಉಪಯೋಗ. ಜಾಂಬೋಟಿ, ಕಣಕುಂಬಿ ಕಡೆಯವರಿಗೆ ಬೆಳಗಾವಿ ದೂರವಾದ್ದರಿಂದ ಮೊದಲ ಮಾತು ಫೋನಿನಲ್ಲೇ ಆಗುವುದು ಒಳ್ಳೆಯದು.

ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ ಮತ್ತು ನೆಹರು ನಗರದ ಕೆಎಲ್‌ಇ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಹೊರಡುವ ಮುನ್ನ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡರೆ ಸುಮ್ಮನೆ ಅಲೆದಾಟ ತಪ್ಪುತ್ತದೆ.

ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯದವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ರಾತ್ರಿ ಭೋಜನ ತ್ಯಾಗ ಮಾಡಿದವರು ರಾತ್ರಿಯ ಮಾತ್ರೆಯನ್ನು ತಾವಾಗಿಯೇ ಬಿಡುವುದುಂಟು. ನಿಯಮವನ್ನು ವೈದ್ಯರಿಗೆ ಮೊದಲೇ ಹೇಳಿದರೆ ಹೊತ್ತು ಮುಳುಗುವ ಮುನ್ನ ತೆಗೆದುಕೊಳ್ಳುವಂತೆ ಹೊಂದಿಸಬಹುದೇ ಎಂದು ಅವರು ನೋಡುತ್ತಾರೆ. ಆಸ್ಪತ್ರೆಯಿಂದ ಮರಳಿದ ಮೊದಲ ವಾರಗಳಲ್ಲಿ ಅಪಾಯ ಇನ್ನೂ ಇರುತ್ತದೆ. ಆ ದಿನಗಳಲ್ಲಿ ಒಬ್ಬರು ಅಂಗಡಿ ನೋಡಿಕೊಂಡು, ಇನ್ನೊಬ್ಬರು ಮುಂದಿನ ತಾರೀಖಿಗೆ ಜೊತೆಯಲ್ಲಿ ಆಸ್ಪತ್ರೆಗೆ ಹೋಗಬೇಕು.