‘ಯುಎಸ್‌ಆರ್’ ಫೋಲ್ಡರಿನ ಕಥೆ



ಲಿನಕ್ಸ್ ಕಂಪ್ಯೂಟರಿನ ಮುಂದೆ ಮೊದಲ ಸಲ ಕುಳಿತಾಗ ನಿಮಗೂ ಈ ಗೊಂದಲ ಆಗಿರಬಹುದು. ಒಂದು ತಂತ್ರಾಂಶವನ್ನು ಅಳವಡಿಸುತ್ತೀರಿ, ಆದರೆ ಅದರ ಫೈಲುಗಳೆಲ್ಲ ಒಂದೇ ಕಡೆ ಸಿಗುವುದಿಲ್ಲ. ಓಡಿಸುವ ಪ್ರೋಗ್ರಾಮು ‘ಬಿನ್’ನಲ್ಲಿ, ಅದಕ್ಕೆ ಬೇಕಾದ ಲೈಬ್ರರಿಗಳು ‘ಲಿಬ್’ನಲ್ಲಿ, ಸೆಟ್ಟಿಂಗುಗಳು ‘ಇಟಿಸಿ’ಯಲ್ಲಿ, ದಿನದಿನಕ್ಕೂ ಬೆಳೆಯುವ ದಾಖಲೆಗಳು ‘ವಾರ್’ನಲ್ಲಿ. ಸಾಲದ್ದಕ್ಕೆ ‘ಬಿನ್’ಗಳೇ ಎರಡು: ಒಂದು ‘ರೂಟ್’ ಎನ್ನುವ ಮೂಲ ಫೋಲ್ಡರಿನಲ್ಲಿ, ಇನ್ನೊಂದು ‘ಯುಎಸ್‌ಆರ್’ ಒಳಗೆ. ಏಕೆ?

ಇದನ್ನು ತಿಳಿಯಲು 1970ರ ದಶಕದ ಆರಂಭಕ್ಕೆ, ಅಮೆರಿಕದ ಬೆಲ್ ಪ್ರಯೋಗಾಲಯಕ್ಕೆ ಹೋಗಬೇಕು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅಲ್ಲಿ ಯುನಿಕ್ಸ್ ಕಟ್ಟುತ್ತಿದ್ದರು. ಅವರ ಮೊದಲ ಪಿಡಿಪಿ-11 ಯಂತ್ರದ ಡಿಸ್ಕಿನಲ್ಲಿದ್ದ ಜಾಗ ಕೇವಲ ಅರ್ಧ ಮೆಗಾಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದು ಕಷ್ಟ! ಇನ್ನೊಂದು ಡಿಸ್ಕು ಬಂದಾಗ ಬಳಕೆದಾರರ ಫೈಲುಗಳು ಅದರಲ್ಲಿ ‘ಯುಎಸ್‌ಆರ್’ ಎಂಬ ಹೆಸರಿನಡಿ ಇದ್ದವು. ವ್ಯವಸ್ಥೆಯ ಪ್ರೋಗ್ರಾಮುಗಳು ಮೊದಲ ಡಿಸ್ಕಿನಲ್ಲಿ ಹಿಡಿಸದಾದಾಗ ಅವೂ ಅಲ್ಲಿಗೇ ಹರಿದವು. ಹೀಗೆ ಎರಡನೆಯ ‘ಬಿನ್’ ಹುಟ್ಟಿತು. ಗ್ರಂಥಾಲಯದ ಕಪಾಟು ತುಂಬಿದಾಗ ಪಕ್ಕದ ಕೋಣೆಯಲ್ಲಿ ಪುಸ್ತಕ ಜೋಡಿಸುತ್ತೇವಲ್ಲ, ಹಾಗೆಯೇ.

ಆಮೇಲೆ ಬಂದವರು ಇದಕ್ಕೆ ಕಾರಣ ಹುಡುಕಿದರು. ಯಂತ್ರ ಎಚ್ಚರಗೊಳ್ಳಲು, ಕೆಟ್ಟರೆ ರಿಪೇರಿಗೆ ಬೇಕಾದದ್ದು ರೂಟಿನಲ್ಲಿ, ಉಳಿದದ್ದು ‘ಯುಎಸ್‌ಆರ್’ನಲ್ಲಿ ಎಂದರು. ಅದು ಪೂರ್ತಿ ನೆಪವೂ ಅಲ್ಲ. 1980ರ ದಶಕದಲ್ಲಿ ಸ್ವಂತ ಡಿಸ್ಕಿಲ್ಲದ ಹಲವು ಯಂತ್ರಗಳು ನೆಟ್‌ವರ್ಕಿನ ಮೂಲಕ ಒಂದೇ ‘ಯುಎಸ್‌ಆರ್’ ಅನ್ನು ಹಂಚಿಕೊಂಡವು. ಎಲ್ಲರಿಗೂ ಸೇರಿದ್ದನ್ನು ಯಾರೂ ತಿದ್ದಬಾರದು ತಾನೇ? ಆದ್ದರಿಂದ ಬದಲಾಗುವ ಫೈಲುಗಳನ್ನು ‘ವಾರ್’ಗೆ ಸಾಗಿಸಿದರು.

ಲಿನಕ್ಸ್ ಬಂದ ಹೊಸದರಲ್ಲಿ ವಿತರಕರೆಲ್ಲ ತಮಗೆ ತೋಚಿದ ಕಡೆ ಫೈಲು ಇಡುತ್ತಿದ್ದರು. ಒಂದು ವಿತರಣೆಗೆ ತಯಾರಿಸಿದ ಪ್ರೋಗ್ರಾಮು ಇನ್ನೊಂದರಲ್ಲಿ ತನ್ನ ಫೈಲನ್ನೇ ಕಾಣದೆ ನಿಂತುಬಿಡುತ್ತಿತ್ತು. 1993ರ ಆಗಸ್ಟಿನಲ್ಲಿ ಚರ್ಚೆ ಶುರುವಾಗಿ, ಡೇನಿಯಲ್ ಕ್ವಿನ್ಲನ್ ಅವರ ಸಂಯೋಜನೆಯಲ್ಲಿ 1994ರ ಫೆಬ್ರವರಿ 14ರಂದು ಮೊದಲ ನಿಯಮಾವಳಿ ಹೊರಬಂತು. ಅದೇ ಮುಂದೆ ‘ಎಫ್‌ಎಚ್‌ಎಸ್’ ಆಯಿತು, ಅದರ 3.0 ಆವೃತ್ತಿ ಬಂದದ್ದು 2015ರಲ್ಲಿ.

ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಬಗೆಗಿನ ನಿಯಮ. ಆ ಫೋಲ್ಡರು ಯಂತ್ರವನ್ನು ನೋಡಿಕೊಳ್ಳುವವನ ಸ್ವಂತದ್ದು. ವ್ಯವಸ್ಥೆಯ ತಂತ್ರಾಂಶ ನವೀಕರಣವಾದಾಗ ಅಲ್ಲಿರುವುದು ಅಳಿಯಕೂಡದು. ಈ ನಿಯಮ ಗೊತ್ತಿಲ್ಲದೆ ನಾನೊಮ್ಮೆ ಸ್ವತಃ ಸಿದ್ಧಪಡಿಸಿದ ಪ್ರೋಗ್ರಾಮನ್ನು ‘ಯುಎಸ್‌ಆರ್’ನ ‘ಬಿನ್’ಗೇ ಹಾಕಿದ್ದೆ. ಅದೇ ಹೆಸರಿನ ಪ್ರೋಗ್ರಾಮು ಮುಂದಿನ ನವೀಕರಣದಲ್ಲಿ ಬಂದು ನನ್ನದರ ಮೇಲೆ ಕುಳಿತಿತು. ಎರಡು ವಾರದ ಕೆಲಸ ಹೋಯಿತು! ನೀವು ಪ್ರಾಜೆಕ್ಟ್ ಮಾಡುವಾಗ ನಿಮ್ಮದನ್ನು ‘ಲೋಕಲ್’ನಲ್ಲೇ ಇಡಿ, ಮೂಲ ಪ್ರತಿಯನ್ನು ಬೇರೆ ಕಡೆಯೂ ಇಟ್ಟುಕೊಳ್ಳಿ. ದೊಡ್ಡ ತಂತ್ರಾಂಶವೊಂದು ತನ್ನ ಸಾಮಾನನ್ನೆಲ್ಲ ಒಂದೇ ಕೋಣೆಯಲ್ಲಿ ಇಡಬೇಕೆಂದರೆ ಅದಕ್ಕೆ ‘ಆಪ್ಟ್’ ಇದೆ.

ಇನ್ನು ಆ ಎರಡು ‘ಬಿನ್’ಗಳು? ಡಿಸ್ಕುಗಳು ಸಾವಿರಾರು ಪಟ್ಟು ದೊಡ್ಡದಾದ ಮೇಲೂ ದಶಕಗಳ ಕಾಲ ಹಾಗೆಯೇ ಉಳಿದಿದ್ದವು. 2012ರಲ್ಲಿ ಫೆಡೋರಾ 17 ಅವನ್ನು ಒಂದು ಮಾಡಿತು. ಡೆಬಿಯನ್‌ನಲ್ಲಿ ವರ್ಷಗಟ್ಟಲೆ ವಾದ ನಡೆದು, 2023ರ 12ನೇ ಆವೃತ್ತಿಯಲ್ಲಿ ಅದು ಕಡ್ಡಾಯವಾಯಿತು. ಇಂಥ ಯಂತ್ರದಲ್ಲಿ ರೂಟಿನ ಪಟ್ಟಿ ತೆಗೆದು ನೋಡಿ. ‘ಬಿನ್’ ಹೆಸರಿನ ಮುಂದೆ ಒಂದು ಸಣ್ಣ ಬಾಣ, ಬಾಣದ ಮುಂದೆ ‘ಯುಎಸ್‌ಆರ್’ನ ವಿಳಾಸ ಕಾಣುತ್ತದೆ.