ಕೊನೇ ಸಾಲಿನ ನಗು

ದೊಡ್ಡ ಹೆಸರಿನ ಕಾಮಿಡಿಯನ್ ಒಬ್ಬ ಊರಿಗೆ ಬರ್ತಾನೆ ಅಂದ ಕೂಡಲೇ ಆಫೀಸಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷ ಟಿಕೆಟ್ ಬಿಡುವ ಹತ್ತು ನಿಮಿಷ ಮೊದಲೇ ಲ್ಯಾಪ್‌ಟಾಪು, ಫೋನು ಎಲ್ಲಾ ಹರಡಿಕೊಂಡು ಕೂತಿರತ್ತೆ. ಇನ್ನೊಂದು ಪಕ್ಷ, "ಒಂದು ಮೈಕು, ಒಂದು ಸ್ಟೂಲು, ಒಂದು ನೀರಿನ ಬಾಟಲಿ. ಇದಕ್ಕೆ ಐದು ಸಾವಿರಾನಾ? ಆರು ತಿಂಗಳು ತಡ್ಕೊಂಡ್ರೆ ಓಟಿಟಿಯಲ್ಲೇ ಬರತ್ತೆ" ಅನ್ನತ್ತೆ. ಇಬ್ಬರ ಮಾತೂ ನನಗೆ ಅರ್ಥ ಆಗತ್ತೆ. ಆದರೆ ಇಬ್ಬರೂ ಇದನ್ನ ನಮ್ಮ ಕಾಲದ ಹೊಸ ಜಗಳ ಅಂದುಕೊಂಡಿದ್ದಾರೆ. ಇದಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷದ ಇತಿಹಾಸ ಇದೆ. ಆ ಇತಿಹಾಸ ಗೊತ್ತಿದ್ದರೆ ಟಿಕೆಟ್ ಕೊಳ್ಳೋದೋ ಬಿಡೋದೋ ಅನ್ನೋ ಪ್ರಶ್ನೆಗೆ ಸ್ವಲ್ಪ ನೆಟ್ಟಗಿನ ಉತ್ತರ ಸಿಗತ್ತೆ.

ಈಗ ನಾವು ಸ್ಟ್ಯಾಂಡ್‌ಅಪ್ ಅಂತ ಕರೆಯೋ ಕಲೆ ರೂಪುಗೊಂಡಿದ್ದು ಅಮೆರಿಕದ ಸಣ್ಣ ಕೋಣೆಗಳಲ್ಲಿ. 1963ರಲ್ಲಿ ಬಡ್ ಫ್ರೀಡ್ಮನ್ ನ್ಯೂಯಾರ್ಕಿನಲ್ಲಿ 'ಇಂಪ್ರೂವ್' ಶುರು ಮಾಡಿದ. 1972ರಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ 'ಕಾಮಿಡಿ ಸ್ಟೋರ್' ತೆರೆಯಿತು. ತಗ್ಗು ಸೂರು, ಒತ್ತೊತ್ತಾಗಿ ಮೇಜುಗಳು, ಹೊಗೆ, ಕೈಯಲ್ಲೊಂದು ಗ್ಲಾಸು. ಮುಂದಿನ ಮೇಜಿನವನು ಹುಬ್ಬು ಗಂಟಿಕ್ಕಿದರೂ ವೇದಿಕೆ ಮೇಲಿರುವವನಿಗೆ ಕಾಣ್ತಿತ್ತು. ಅವನು ಅಲ್ಲೇ ಮಾತು ತಿರುಗಿಸ್ತಿದ್ದ. ಈ ಕಲೆಯ ಜೀವ ಇರೋದು ಈ ಕೊಡು-ಕೊಳ್ಳುವಿಕೆಯಲ್ಲಿ. ಭಾಷಣ ಒಮ್ಮುಖ, ಇದು ಒಬ್ಬನೇ ಮಾತಾಡುವ ಸಂಭಾಷಣೆ.

ದೊಡ್ಡ ಜಾಗದ ಆಸೆ ಆಗಲೇ ಇರಲಿಲ್ಲ ಅಂತಲ್ಲ. 1961ರ ಫೆಬ್ರವರಿಯಲ್ಲಿ ಲೆನ್ನಿ ಬ್ರೂಸ್ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮಧ್ಯರಾತ್ರಿ ಶೋ ಮಾಡಿದ. ಊರೆಲ್ಲಾ ಹಿಮದಲ್ಲಿ ಹೂತುಹೋಗಿತ್ತು, ಆದರೂ ಜನ ಬಂದರು. ಆದರೆ ಅದು ಸಂಗೀತಕ್ಕೆಂದೇ ಕಟ್ಟಿದ ಸಭಾಂಗಣ. ಮೆತ್ತಗೆ ಆಡಿದ ಮಾತೂ ಹಿಂದಿನವರೆಗೆ ಮುಟ್ಟುವ ಜಾಗ. ಹಾಕಿ, ಬಾಸ್ಕೆಟ್‌ಬಾಲ್ ಆಡುವ ಅಖಾಡಕ್ಕೆ ಜೋಕನ್ನು ಎತ್ತಿಕೊಂಡು ಹೋದ ಕಥೆ ಬೇರೆ. ಅದರ ನಾಯಕ ಸ್ಟೀವ್ ಮಾರ್ಟಿನ್.

ಮಾರ್ಟಿನ್ ತನ್ನ ವೃತ್ತಿಯ ಲೆಕ್ಕವನ್ನು ತಾನೇ ಆತ್ಮಕಥೆಯಲ್ಲಿ ಕೊಟ್ಟಿದ್ದಾನೆ: ಒಟ್ಟು 18 ವರ್ಷ ಸ್ಟ್ಯಾಂಡ್‌ಅಪ್. ಅದರಲ್ಲಿ 10 ವರ್ಷ ಕಲಿಕೆ, 4 ವರ್ಷ ತಿದ್ದುವಿಕೆ, ಕೊನೆಯ 4 ವರ್ಷ ಮಾತ್ರ ಹುಚ್ಚು ಯಶಸ್ಸು. ಆ ಕಲಿಕೆಯ ದಿನಗಳ ಕಥೆಗಳು ಚೆನ್ನಾಗಿವೆ. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಒಮ್ಮೆ ಶೋ ಮುಗಿದರೂ ವಿದ್ಯಾರ್ಥಿಗಳು ಎದ್ದು ಹೋಗಲಿಲ್ಲ. ಇವನು ಅವರನ್ನೆಲ್ಲ ಹೊರಗೆ ಕರಕೊಂಡು ಹೋದ. ದಾರಿಯಲ್ಲಿ ನೀರಿಲ್ಲದ ಈಜುಕೊಳ ಸಿಕ್ಕಿತು. ಎಲ್ಲರನ್ನೂ ಅದರೊಳಗೆ ಇಳಿಸಿ, ಅವರು ಮೇಲೆತ್ತಿದ ಕೈಗಳ ಮೇಲೆ ಈ ದಡದಿಂದ ಆ ದಡಕ್ಕೆ ಈಜಿದ! ಇಂಥದ್ದಕ್ಕೆಲ್ಲ ಸ್ಕ್ರಿಪ್ಟ್ ಇರಲ್ಲ. ಜನ ಕಡಿಮೆ ಇದ್ದಿದ್ದಕ್ಕೇ ಇದು ಸಾಧ್ಯ ಆಯ್ತು.

1976ರಿಂದ 'ಸ್ಯಾಟರ್ಡೇ ನೈಟ್ ಲೈವ್' ಟಿವಿ ಕಾರ್ಯಕ್ರಮದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಮೇಲೆ ಅವನ ದೆಸೆ ತಿರುಗಿತು. ನೂರರಲ್ಲಿದ್ದ ಪ್ರೇಕ್ಷಕರು ಸಾವಿರವಾಗಿ, ಕೊನೆಗೆ ಒಂದೊಂದು ಕಡೆ 20 ಸಾವಿರವಾದರು. ಅವನ ಬಿಳಿ ಸೂಟು ನಿಮಗೆ ನೆನಪಿರಬಹುದು. ಅದು ಫ್ಯಾಷನ್ ಅಲ್ಲ ಕಣ್ರೀ! ಅಷ್ಟು ದೂರದಿಂದ ನೋಡುವವರಿಗೆ ವೇದಿಕೆ ಮೇಲೊಬ್ಬ ಮನುಷ್ಯ ಇದ್ದಾನೆ ಅನ್ನೋದಾದರೂ ಕಾಣಲಿ ಅಂತ ಹಾಕಿಕೊಂಡಿದ್ದು. ಆಗ ಈಗಿನಂಥ ಎಲ್‌ಇಡಿ ಪರದೆ ಎಲ್ಲಿ ಬರಬೇಕು?

1978ರಲ್ಲಿ ಬಂದ ಅವನ 'ಎ ವೈಲ್ಡ್ ಆ್ಯಂಡ್ ಕ್ರೇಜಿ ಗೈ' ರೆಕಾರ್ಡನ್ನ ಈ ವಿಷಯದಲ್ಲಿ ಆಸಕ್ತಿ ಇರುವವರು ಕೇಳಲೇಬೇಕು. ಮೊದಲ ಭಾಗ ಸ್ಯಾನ್ ಫ್ರಾನ್ಸಿಸ್ಕೋದ 'ಬೋರ್ಡಿಂಗ್ ಹೌಸ್' ಅನ್ನೋ ಪುಟ್ಟ ಕ್ಲಬ್ಬಿನದು. ಮುಂದಿನ ಭಾಗ ಕೊಲರಾಡೋದ ರೆಡ್ ರಾಕ್ಸ್ ಬಯಲು ರಂಗಮಂದಿರದ್ದು. ಕೆಂಪು ಬಂಡೆಗಳ ನಡುವೆ 9 ಸಾವಿರಕ್ಕೂ ಹೆಚ್ಚು ಜನ ಕೂರುವ ಜಾಗ ಅದು. ಕ್ಲಬ್ಬಿನಲ್ಲಿ ನಗು ಬಿಡಿಬಿಡಿಯಾಗಿ ಕೇಳತ್ತೆ: ಇಲ್ಲೊಬ್ಬ ತಡವಾಗಿ ನಕ್ಕ, ಅಲ್ಲೊಬ್ಬಳು ಕೇಕೆ ಹಾಕಿದಳು. ರೆಡ್ ರಾಕ್ಸ್‌ನಲ್ಲಿ ಕೇಳೋದು ಗರ್ಜನೆ. ಅದೇ ಮನುಷ್ಯ, ಅದೇ ವರ್ಷ, ಅದೇ ರೆಕಾರ್ಡು. ಆದರೆ ಎರಡು ಬೇರೆ ಬೇರೆ ಕಲೆಗಳು.

ಮಾರ್ಟಿನ್‌ಗೆ ಈ ವ್ಯತ್ಯಾಸ ಎಲ್ಲರಿಗಿಂತ ಮೊದಲು ತಿಳೀತು. ಜೋಕು ಹೇಳೋ ಮೊದಲೇ ಜನ ಅದನ್ನ ಕೂಗುತ್ತಿದ್ದರು. ಹೊಸದೇನಾದರೂ ಪ್ರಯತ್ನಿಸಿದರೆ ಆ ಗದ್ದಲದಲ್ಲಿ ಮುಳುಗಿ ಹೋಗ್ತಿತ್ತು. ತಾನೊಬ್ಬ ಕಲಾವಿದ ಅನ್ನೋದಕ್ಕಿಂತ ದೊಡ್ಡ ಪಾರ್ಟಿಯೊಂದರ ಯಜಮಾನ ಆಗಿಬಿಟ್ಟಿದ್ದೇನೆ ಅನ್ನಿಸಿತು ಅವನಿಗೆ. 1981ರಲ್ಲಿ ಟಿಕೆಟ್‌ಗಳಿಗೆ ಬೇಡಿಕೆ ಇರುವಾಗಲೇ ಸ್ಟ್ಯಾಂಡ್‌ಅಪ್ ಬಿಟ್ಟು ಸಿನಿಮಾ ಕಡೆ ನಡೆದ. ಅಖಾಡ ಗೆದ್ದ ಮೊದಲಿಗರಲ್ಲಿ ಒಬ್ಬನಾದವನೇ ಅದನ್ನ ತೊರೆದ ಮೊದಲಿಗನೂ ಆದ.

ಇಲ್ಲಿ ಸ್ವಲ್ಪ ಹೈಸ್ಕೂಲು ಭೌತಶಾಸ್ತ್ರ ನೆನಪು ಮಾಡಿಕೊಳ್ಳೋಣ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತ್ತೆ. ನೀವು ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ. ವೇದಿಕೆ ಬಳಿಯ ಸ್ಪೀಕರಿನಿಂದ ಹೊರಟ ಜೋಕು ನಿಮ್ಮ ಕಿವಿಗೆ ಬೀಳೋಕೆ 0.3 ಸೆಕೆಂಡು. ನೀವು ತಕ್ಷಣ ನಕ್ಕರೂ ಆ ನಗು ವೇದಿಕೆಗೆ ವಾಪಸ್ ತಲುಪೋಕೆ ಇನ್ನೊಂದು 0.3. ಅಂದರೆ ಅರ್ಧ ಸೆಕೆಂಡಿಗೂ ಮೀರಿದ ಅಂತರ. ಸಂಗೀತಕ್ಕೆ ಇದು ಅಂಥ ದೊಡ್ಡ ನಷ್ಟ ಅಲ್ಲ. ಆದರೆ ಹಾಸ್ಯದ ಬಂಡವಾಳವೇ ಸಮಯ. ಹಾಗಾಗಿ ಅಖಾಡದ ಕಾಮಿಡಿಯನ್ ಕಾಯಬೇಕು, ನಿಧಾನ ಮಾಡಬೇಕು, ಅಲೆ ಹೋಗಿ ಬರೋವರೆಗೆ ಮುಖಭಾವ ಹಿಡಿದು ನಿಲ್ಲಬೇಕು. ಕಣ್ಣಂಚಿನ ಕುಚೋದ್ಯ ಅಲ್ಲಿ ಕೆಲಸ ಮಾಡಲ್ಲ. ಇಡೀ ಕೈ ಬೀಸಬೇಕು. ಹಿಂದೆ ಸ್ಪೀಕರು, ಪಕ್ಕದಲ್ಲಿ ಪರದೆ ಇಟ್ಟು ಈಗ ಕಿವಿ ಕಣ್ಣುಗಳ ಕೊರತೆ ತುಂಬುತ್ತಾರೆ, ನಿಜ. ಆದರೆ ಪರದೆ ಅವನ ಮುಖವನ್ನ ನಿಮಗೆ ತೋರಿಸತ್ತೆಯೇ ಹೊರತು ನಿಮ್ಮ ಮುಖವನ್ನ ಅವನಿಗೆ ತೋರಿಸಲ್ಲ.

ಇಷ್ಟೆಲ್ಲ ತೊಂದರೆ ಇದ್ದರೂ ಜಾಗಗಳು ಯಾಕೆ ಬೆಳೀತಾ ಹೋದವು? ಲೆಕ್ಕ ಸರಳ. ಒಂದು ರಾಕ್ ಬ್ಯಾಂಡ್ ಊರಿಂದೂರಿಗೆ ಹೋಗಬೇಕಂದ್ರೆ ಲಾರಿಗಟ್ಟಲೆ ಸಾಮಾನು, ಹತ್ತಾರು ತಂತ್ರಜ್ಞರು, ವಾದ್ಯದವರು ಬೇಕು. ಕಾಮಿಡಿಯನ್‌ಗೆ ಮೈಕು ಸಾಕು. ಸಭಾಂಗಣದ ಬಾಡಿಗೆ, ಭದ್ರತೆ, ಧ್ವನಿ, ಬೆಳಕು ಕಳೆದರೆ ಉಳಿಯೋ ಪಾಲು ದೊಡ್ಡದು. 1990ರಲ್ಲಿ ಆ್ಯಂಡ್ರೂ ಡೈಸ್ ಕ್ಲೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನನ್ನ ಎರಡು ರಾತ್ರಿ ತುಂಬಿಸಿದ. 1993ರ ಡಿಸೆಂಬರಿನಲ್ಲಿ ನ್ಯೂಮನ್ ಮತ್ತು ಬಡೀಲ್ ಜೋಡಿ ಲಂಡನ್ನಿನ ವೆಂಬ್ಲಿ ಅರೇನಾದಲ್ಲಿ 12 ಸಾವಿರ ಜನರನ್ನ ಸೇರಿಸಿದಾಗ, ಹಾಸ್ಯವೇ ಇನ್ನು ಮುಂದೆ ರಾಕ್ ಸಂಗೀತ ಅಂತ ಬ್ರಿಟಿಷ್ ಪತ್ರಿಕೆಗಳು ಕುಣಿದವು. ತಮಾಷೆ ಅಂದ್ರೆ ಆ ಜೋಡಿ ಅಲ್ಲಿಗೇ ಬೇರೆಯಾಯ್ತು. 2008ರಲ್ಲಿ ಮಾರಿಯೋ ಬಾರ್ತ್ ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ 67 ಸಾವಿರಕ್ಕೂ ಮೀರಿದ ಪ್ರೇಕ್ಷಕರೊಂದಿಗೆ ಗಿನ್ನೆಸ್ ದಾಖಲೆ ಬರೆದ. 2015ರಲ್ಲಿ ಕೆವಿನ್ ಹಾರ್ಟ್ ತನ್ನ ಊರು ಫಿಲಡೆಲ್ಫಿಯಾದ ಫುಟ್‌ಬಾಲ್ ಮೈದಾನದಲ್ಲಿ 53 ಸಾವಿರ ಜನರನ್ನ ನಗಿಸಿದ.

ಈ ದೊಡ್ಡ ಅಂಕಿಗಳ ಪಕ್ಕ ಒಂದು ಸಣ್ಣ ಅಂಕಿ ಇಡಬೇಕು: 25 ಡಾಲರ್. 1970ರ ದಶಕದಲ್ಲಿ ಕಾಮಿಡಿ ಸ್ಟೋರ್‌ನ ಒಡತಿ ಮಿಟ್ಸಿ ಶೋರ್ ತನ್ನ ಕ್ಲಬ್ಬನ್ನ ಒಂದು ಕಾಲೇಜು ಅಂತ ಭಾವಿಸಿದ್ದಳು. ಇಲ್ಲಿ ಕಲೀತಾರೆ, ಟಿವಿಯವರ ಕಣ್ಣಿಗೆ ಬೀಳ್ತಾರೆ, ಸಂಬಳ ಯಾಕೆ ಅನ್ನೋದು ಅವಳ ವಾದ. ಬಾಗಿಲಲ್ಲಿ ಪ್ರವೇಶ ಶುಲ್ಕ ಇತ್ತು, ಒಳಗೆ ಕುಡಿತಕ್ಕೆ ಬಿಲ್ಲು ಇತ್ತು, ಪರಿಚಾರಕಿಯರಿಗೆ ಸಂಬಳ ಇತ್ತು. ಜನ ಯಾರನ್ನ ನೋಡೋಕೆ ಬರ್ತಿದ್ದರೋ ಅವರಿಗೆ ಮಾತ್ರ ಸೊನ್ನೆ. ಕ್ಲಬ್ಬಿನಲ್ಲಿ ದೊಡ್ಡ ಕೋಣೆಯೊಂದು ಶುರುವಾಗಿ ದುಡ್ಡು ಕಣ್ಣಿಗೆ ಕಾಣತೊಡಗಿದಾಗ ಈ ಅನ್ಯಾಯ ಇನ್ನಷ್ಟು ಚುಚ್ಚಿತು. 1979ರಲ್ಲಿ ಟಾಮ್ ಡ್ರೀಸನ್ ಮುಂದಾಳತ್ವದಲ್ಲಿ ಕಾಮಿಡಿಯನ್‌ಗಳು ಮುಷ್ಕರ ಹೂಡಿದರು. ಆಗಲೇ ಹೆಸರು ಮಾಡುತ್ತಿದ್ದ ಜೇ ಲೆನೋ, ಡೇವಿಡ್ ಲೆಟರ್‌ಮನ್ ಕೂಡ ಅವರ ಜತೆ ನಿಂತರು. ಆರು ವಾರ ನಡೆದ ಜಗಳ ಮುಗಿದದ್ದು ಒಂದು ಸರದಿಗೆ 25 ಡಾಲರ್ ಅನ್ನೋ ಒಪ್ಪಂದದಲ್ಲಿ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಅಖಾಡದ ಜೋಕು ಅಖಾಡದಲ್ಲಿ ಹುಟ್ಟಲ್ಲ. ಅದು ಮೂವತ್ತು ಜನರ ಕೋಣೆಯಲ್ಲಿ ಹತ್ತು ಸಲ ಸೋತು, ಒಂದು ಪದ ಬದಲಾಗಿ, ಹನ್ನೊಂದನೇ ಸಲ ಗೆದ್ದು, ಆಮೇಲೆ ದೊಡ್ಡ ವೇದಿಕೆ ಹತ್ತತ್ತೆ. ದೊಡ್ಡ ದೊಡ್ಡ ಹೆಸರಿನವರೂ ಹೊಸ ಶೋಗೆ ಮುಂಚೆ ಸಣ್ಣ ಕ್ಲಬ್ಬಿಗೆ ಬಂದು ಮಾತು ಮಸೆದುಕೊಂಡು ಹೋಗ್ತಾರೆ. ಅಂದಮೇಲೆ ಐದು ಸಾವಿರದ ಟಿಕೆಟ್ಟಿನ ಪೂರ್ತಿ ತಯಾರಿ ನಡೆಯೋದು ಇನ್ನೂರು-ಮುನ್ನೂರರ ಟಿಕೆಟ್ಟಿನ ಕೋಣೆಯಲ್ಲಿ. ಬೆಂಗಳೂರಿನ ಓಪನ್ ಮೈಕ್‌ಗಳಿಗೆ ನಾನು ಹೋಗ್ತಿರ್ತೀನಿ. ಐದು ನಿಮಿಷದ ಸರದಿಗಾಗಿ ಕೆಲಸ ಮುಗಿಸಿ ಓಡಿ ಬರೋ ಹುಡುಗ ಹುಡುಗಿಯರಿಗೆ ಬಹಳ ಕಡೆ ಈಗಲೂ ಕೈಗೆ ಏನೂ ಸಿಗಲ್ಲ. 1979ರ ಜಗಳ ಇಲ್ಲಿ ಇನ್ನೂ ಶುರುವೇ ಆಗಿಲ್ಲ.

ದೊಡ್ಡ ಜಾಗವೇ ಹಾಸ್ಯಕ್ಕೆ ಶತ್ರು ಅಂತ ತೀರ್ಪು ಕೊಡೋಣ ಅಂದ್ರೆ ನಮ್ಮ ಕನ್ನಡದ್ದೇ ಅನುಭವ ಅಡ್ಡ ಬರತ್ತೆ. ಗಣೇಶೋತ್ಸವದ ಪೆಂಡಾಲು, ಜಾತ್ರೆ, ಕಾಲೇಜು ಮೈದಾನಗಳ ಹಾಸ್ಯೋತ್ಸವ, ನಗೆಹಬ್ಬಗಳಲ್ಲಿ ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರಂಥವರು ಸಾವಿರಾರು ಜನರನ್ನ ಬಯಲಲ್ಲಿ ಕೂರಿಸಿ ನಗಿಸಿದ್ದಾರೆ. ಬಹುತೇಕ ಕಡೆ ಟಿಕೆಟ್ಟೇ ಇಲ್ಲ. ಖರ್ಚು ಉತ್ಸವ ಸಮಿತಿಯದು, ಚಂದಾ ಕೊಟ್ಟವರದು. (ಮುಂದಿನ ಸಾಲಿನ ಸೋಫಾ ಅಲ್ಲೂ ಗಣ್ಯರಿಗೇ ಮೀಸಲು ಅನ್ನೋದು ಬೇರೆ ಮಾತು!) ಅದು ಬಯಲಲ್ಲಿ ಗೆಲ್ಲೋಕೆ ಕಾರಣ, ಅದನ್ನ ಕಟ್ಟಿರೋದೇ ಬಯಲಿಗೆ. ಬೀಚಿಯ ಚಟಾಕಿಗಳನ್ನ ಊರೂರಿಗೆ ಒಯ್ದ ಪ್ರಾಣೇಶ್ ಒಂದು ಪ್ರಸಂಗವನ್ನ ನಿಧಾನಕ್ಕೆ ಕಟ್ಟುತ್ತಾರೆ. ಮೇಷ್ಟ್ರು, ಬಸ್ ಕಂಡಕ್ಟರು, ಬೀಗರು ಎಲ್ಲರಿಗೂ ಗೊತ್ತಿರೋ ಪಾತ್ರಗಳು. ಧ್ವನಿ ಏರಿಸಿ, ಮಾತು ಮರುಕಳಿಸಿ, ನಗು ಕೊನೇ ಸಾಲಿಗೆ ಹೋಗಿ ಬರೋವರೆಗೆ ಕಾಯ್ತಾರೆ. ಹರಿಕಥೆ, ಕಂಪನಿ ನಾಟಕ ಕಂಡ ನೆಲದ ಜಾಣತನ ಅದು. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಅವತ್ತಿನ ರಾಜಕೀಯ ಸುದ್ದಿಯನ್ನ ನಾಟಕದ ನಡುವೆ ಎಳೆದು ತಂದು ಝಾಡಿಸುತ್ತಿದ್ದಾಗ ಕುರ್ಚಿಯವರೂ ನೆಲದವರೂ ಒಟ್ಟಿಗೇ ನಕ್ಕರು.

ಅಂದರೆ ಪ್ರಶ್ನೆ ಜಾಗದ ಅಳತೆಯದಲ್ಲ. ಈ ಶೋ ಈ ಜಾಗಕ್ಕೆಂದೇ ಕಟ್ಟಿದ್ದೋ, ಅಥವಾ ಕ್ಲಬ್ಬಿನ ಅಂಗಿಯನ್ನ ಎಳೆದು ಮೈದಾನಕ್ಕೆ ತೊಡಿಸಿದ್ದೋ ಅನ್ನೋದು. ಎರಡನೆಯದಾದರೆ ಹಿಂದಿನ ಸಾಲಿನವರು ದುಬಾರಿ ಪರದೆ ನೋಡಿ ಬರ್ತಾರೆ, ಅಷ್ಟೇ.

ಬೆಲೆಯ ವಿಷಯಕ್ಕೂ ಒಂದು ಪಾಠ ಇದೆ. 2012ರಲ್ಲಿ ಲೂಯಿ ಸಿ.ಕೆ. ಟಿಕೆಟ್ ಕಂಪನಿಗಳನ್ನ ಬದಿಗಿಟ್ಟು ತನ್ನ ವೆಬ್‌ಸೈಟಿನಲ್ಲೇ ಟಿಕೆಟ್ ಮಾರಿದ. ಎಲ್ಲಾ ಊರಿಗೂ, ಎಲ್ಲಾ ಸೀಟಿಗೂ ತೆರಿಗೆ ಸೇರಿ 45 ಡಾಲರ್. 45 ಗಂಟೆಯಲ್ಲಿ 1 ಲಕ್ಷ ಟಿಕೆಟ್ ಹೋದವು. ಮಹಿಳೆಯರೊಂದಿಗಿನ ದುರ್ವರ್ತನೆಯನ್ನ 2017ರಲ್ಲಿ ಒಪ್ಪಿಕೊಂಡ ಮೇಲೆ ಆ ಮನುಷ್ಯನ ಬಗ್ಗೆ ಹೇಳೋಕೆ ಬೇರೆಯದೇ ಮಾತಿದೆ. ಆದರೆ ಬೆಲೆ ಏರಿಸದೆಯೂ ದೊಡ್ಡ ಪ್ರವಾಸ ಮಾಡಬಹುದು ಅಂತ ಆ ಮಾರಾಟ ತೋರಿಸಿತು. ದರ ಅನ್ನೋದು ದೈವೇಚ್ಛೆ ಅಲ್ಲ. ಯಾರೋ ಕೂತು ತೀರ್ಮಾನ ಮಾಡಿದ ಅಂಕಿ.

ಹಾಗಾದರೆ ಜನ ದುಬಾರಿ ಟಿಕೆಟ್ ಕೊಂಡು ಮೋಸ ಹೋಗ್ತಾರಾ? ಎಲ್ಲರೂ ಅಲ್ಲ. 2025ರ ಆಗಸ್ಟ್‌ನಲ್ಲಿ ಝಾಕಿರ್ ಖಾನ್ ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೂರ್ತಿ ಹಿಂದಿಯಲ್ಲಿ ಶೋ ಮಾಡಿದರು. ಆ ವೇದಿಕೆಯಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿಗೆ ಹೋದವರು ಜೋಕಿಗೆ ಮಾತ್ರ ದುಡ್ಡು ಕೊಟ್ಟರು ಅಂತ ನನಗನ್ನಿಸಲ್ಲ. ಮೀಟಿಂಗಿನಲ್ಲಿ, ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ ದಿನವಿಡೀ ಇನ್ನೊಂದು ಭಾಷೆಯಲ್ಲಿ ಬದುಕೋ ಜನ, ತಮ್ಮ ಮನೆಮಾತಿಗೆ ಸಾವಿರಾರು ಮಂದಿ ಏಕಕಾಲಕ್ಕೆ ನಗೋದನ್ನ ಕೇಳೋಕೆ ಹೋದರು. ಅಮೆರಿಕದ 'ಅಕ್ಕ' ಸಮ್ಮೇಳನದಲ್ಲಿ ನಮ್ಮ ಹಾಸ್ಯಗಾರರ ಮಾತಿಗೆ ಜನ ಸೇರೋದೂ ಇದಕ್ಕೇ. ಅದು ಜಾತ್ರೆ. ಜಾತ್ರೆಗೆ ಹೋದವನು ತೇರು ಹತ್ತಿರದಿಂದ ಕಾಣಲಿಲ್ಲ ಅಂತ ದೂರಲ್ಲ.

ನನ್ನ ತೀರ್ಮಾನ ಇಷ್ಟು. ದೊಡ್ಡ ಶೋನ ದುಬಾರಿ ಟಿಕೆಟ್ ಜಾತ್ರೆಗೆ ಕೊಡೋ ದುಡ್ಡು. ಹಾಗಂತ ತಿಳಿದು ಕೊಟ್ಟರೆ ನಷ್ಟ ಇಲ್ಲ. ಹಾಸ್ಯವನ್ನೇ ಹುಡುಕಿ ಹೋಗೋದಾದರೆ ಅದೇ ದುಡ್ಡಿಗೆ ಇಪ್ಪತ್ತು ಸಲ ಸಣ್ಣ ಕೋಣೆಯಲ್ಲಿ ಕೂರಬಹುದು, ಮತ್ತು ಅಲ್ಲಿ ನಿಮ್ಮ ನಗು ಲೆಕ್ಕಕ್ಕೆ ಬರತ್ತೆ. ಅದರಲ್ಲೂ ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಮಾಡೋರಿಗೆ ಈಗ ಬೇಕಿರೋದು ಅಖಾಡ ಅಲ್ಲ; ಟಿಕೆಟ್ ಕೊಂಡು ಬಂದು, ಚೆನ್ನಾಗಿಲ್ಲದ ಜೋಕಿಗೆ ಸುಮ್ಮನಿದ್ದು, ಚೆನ್ನಾಗಿರೋದಕ್ಕೆ ಮನಸಾರೆ ನಗೋ ಮೂವತ್ತು ಜನ. ಮಾರ್ಟಿನ್ ಲೆಕ್ಕದ ಆ ಹತ್ತು ವರ್ಷದ ಕಲಿಕೆಯ ಫೀಸು ಯಾರಾದರೂ ಕಟ್ಟಲೇಬೇಕಲ್ಲ? ಇಲ್ಲಿವರೆಗೆ ಕಲಿಯೋರೇ ಕಟ್ಟಿದ್ದಾರೆ. ಇನ್ಮೇಲೆ ದೊಡ್ಡ ಶೋಗೆ ಒಂದು ಟಿಕೆಟ್ ಕೊಂಡಾಗಲೆಲ್ಲ ಸಣ್ಣ ಕೋಣೆಗೂ ಒಂದು ಕೊಂಡರೆ ನಮ್ಮ ಪಾಲು ನಾವು ಕಟ್ಟಿದ ಹಾಗಾಯ್ತು.