ಲೆಕ್ಕ ಮಾಡುತ್ತಿದ್ದ ಕುದುರೆ ಹಾನ್ಸ್

1/7
1904, ಬರ್ಲಿನ್. ಕಲ್ಲು ಹಾಸಿದ ಒಂದು ಅಂಗಳ, ಸುತ್ತ ಜನವೋ ಜನ. ನಡುವೆ ಒಂದು ಕುದುರೆ, ಹೆಸರು ಹಾನ್ಸ್. ಪಕ್ಕದಲ್ಲಿ ಅಗಲ ಅಂಚಿನ ಟೋಪಿ ಹಾಕಿದ ನಿವೃತ್ತ ಗಣಿತ ಮೇಷ್ಟ್ರು ವಿಲ್‌ಹೆಲ್ಮ್ ಫಾನ್ ಓಸ್ಟೆನ್. "ಮೂರು ಮತ್ತು ನಾಲ್ಕು ಕೂಡಿದರೆ ಎಷ್ಟು?" ಅಂದ್ರೆ ಹಾನ್ಸ್ ಬಲಗಾಲಿಂದ ಏಳು ಸಲ ನೆಲ ತಟ್ಟಿ ನಿಲ್ಲಿಸುತ್ತಿತ್ತು. ಕೂಡೋದು, ಕಳೆಯೋದು, ಭಿನ್ನರಾಶಿ, ತಾರೀಖು, ಗಡಿಯಾರದ ಟೈಮ್ ಎಲ್ಲಾ ಬರುತ್ತಿತ್ತು. ಮೇಷ್ಟ್ರು ವರ್ಷಗಟ್ಟಲೆ ಕರಿಹಲಗೆ ಇಟ್ಟುಕೊಂಡು, ಮಕ್ಕಳಿಗೆ ಕಲಿಸೋ ಹಾಗೆ ಅದಕ್ಕೆ ಪಾಠ ಮಾಡಿದ್ದರು. ನೋಡೋಕೆ ಬಂದವರಿಂದ ಒಂದು ಕಾಸೂ ತಗೊಳ್ಳುತ್ತಿರಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ.

2/7
ಸುದ್ದಿ ಅಮೆರಿಕದ ಪೇಪರ್‌ವರೆಗೂ ಹೋಯಿತು. ಮೋಸ ಇದೆಯಾ ಅಂತ ನೋಡೋಕೆ ಅದೇ ಸೆಪ್ಟೆಂಬರ್‌ನಲ್ಲಿ 13 ಜನರ ಒಂದು ಸಮಿತಿ ಕೂತಿತು. ಮನಶ್ಶಾಸ್ತ್ರದ ಪ್ರೊಫೆಸರ್ ಕಾರ್ಲ್ ಸ್ಟುಂಫ್, ಸರ್ಕಸ್ ಮಾಲೀಕ ಪೌಲ್ ಬುಷ್, ಮೃಗಾಲಯದವರು, ಪಶುವೈದ್ಯರು, ಮೇಷ್ಟ್ರುಗಳು ಎಲ್ಲಾ ಇದ್ದರು. ಸರ್ಕಸ್‌ನವರಿಗೆ ಪ್ರಾಣಿಗೆ ಗುಟ್ಟಾಗಿ ಸನ್ನೆ ಮಾಡೋದು ಹೇಗೆ ಅಂತ ಚೆನ್ನಾಗಿ ಗೊತ್ತು. ಅವರಿಗೂ ಏನೂ ಸಿಗಲಿಲ್ಲ. ಮೇಷ್ಟ್ರು ಇಲ್ಲದಿರುವಾಗ ಬೇರೆಯವರು ಕೇಳಿದರೂ ಹಾನ್ಸ್ ಸರಿ ಉತ್ತರ ಕೊಡುತ್ತಿತ್ತು. "ಮೋಸ ಇಲ್ಲ, ಇನ್ನೂ ಆಳವಾಗಿ ಪರೀಕ್ಷೆ ಮಾಡಬೇಕು" ಅಂತ ಸಮಿತಿ ಹೇಳಿತು. ಜನ ಮೊದಲರ್ಧ ಮಾತ್ರ ಕೇಳಿಸಿಕೊಂಡರು!

3/7
ಈಗ ಬರ್ತಾರೆ ನಮ್ಮ ಹೀರೋ, ಸ್ಟುಂಫ್ ಅವರ ಶಿಷ್ಯ ಓಸ್ಕರ್ ಫುಂಗ್ಸ್ಟ್. ಅಂಗಳದಲ್ಲಿ ಒಂದು ಡೇರೆ ಹಾಕಿಸಿ, ಜನರ ಗದ್ದಲ ದೂರ ಮಾಡಿ ಕೆಲಸ ಶುರು ಮಾಡಿದರು. "ಕುದುರೆಗೆ ಬುದ್ಧಿ ಇದೆಯಾ?" ಅನ್ನೋ ದೊಡ್ಡ ಪ್ರಶ್ನೆಯನ್ನ ಬದಿಗಿಟ್ಟು, ಪರೀಕ್ಷೆ ಮಾಡಬಹುದಾದ ಚಿಕ್ಕ ಪ್ರಶ್ನೆ ಹಿಡಿದರು: ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಏನಾಗುತ್ತೆ?

ಒಂದು ಸಂಖ್ಯೆ ಬರೆದ ಕಾರ್ಡನ್ನ ತಾನೂ ನೋಡಿ ಹಾನ್ಸ್‌ಗೆ ತೋರಿಸಿದರೆ 98% ಉತ್ತರ ಸರಿ. ತಾನು ನೋಡದೆ ಕುದುರೆಗೆ ಮಾತ್ರ ತೋರಿಸಿದರೆ ಬರೀ 8%.

ಇನ್ನೊಂದು ಉಪಾಯ ಇನ್ನೂ ಚೆನ್ನಾಗಿದೆ. ಮೇಷ್ಟ್ರು ಹಾನ್ಸ್ ಕಿವಿಯಲ್ಲಿ ಒಂದು ಸಂಖ್ಯೆ ಪಿಸುಗುಟ್ಟಬೇಕು, ಫುಂಗ್ಸ್ಟ್ ಇನ್ನೊಂದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡನ್ನೂ ಕೇಳಿದ್ದು ಹಾನ್ಸ್ ಮಾತ್ರ, ಕೂಡಬೇಕಾದ್ದೂ ಹಾನ್ಸೇ. ಲೆಕ್ಕದ ಕುದುರೆ ಇಲ್ಲಿ ಕೈಕೊಟ್ಟಿತು.

4/7
ಅಂದ್ರೆ ಉತ್ತರ ಮನುಷ್ಯನಿಂದಲೇ ಬರ್ತಿದೆ. ಆದರೆ ಯಾವ ದಾರಿಯಲ್ಲಿ? ಫುಂಗ್ಸ್ಟ್ ಕುದುರೆಯ ಕಣ್ಣಿಗೆ ದೊಡ್ಡ ಪಟ್ಟಿ ಕಟ್ಟಿದರು. ಕೇಳುವವನು ಕಾಣುತ್ತಿದ್ದಾಗ 89% ಸರಿ, ಕಾಣದಿದ್ದಾಗ 6%. ಹಾನ್ಸ್ ಕತ್ತು ತಿರುಗಿಸಿ ಅವನನ್ನು ನೋಡೋಕೆ ಒದ್ದಾಡುತ್ತಿತ್ತಂತೆ. ಹಾಗಾದರೆ ಕಿವಿ ಅಲ್ಲ, ಕಣ್ಣು.

ಆಮೇಲೆ ಫುಂಗ್ಸ್ಟ್ ಕುದುರೆಯನ್ನ ಬಿಟ್ಟು ಮೇಷ್ಟ್ರನ್ನ ನೋಡತೊಡಗಿದರು. ಪ್ರಶ್ನೆ ಕೇಳಿದ ಕೂಡಲೇ ಅವರು ಚೂರು ಮುಂದಕ್ಕೆ ಬಾಗುತ್ತಿದ್ದರು, ಕಾಲು ನೋಡೋಕೆ. ಹಾನ್ಸ್ ತಟ್ಟೋಕೆ ಶುರು. ಸರಿ ಸಂಖ್ಯೆ ಬಂದಾಗ ಅವರ ತಲೆ ತಾನಾಗಿ ಒಂದಿಷ್ಟೇ ಮೇಲೇಳುತ್ತಿತ್ತು. ಹಾನ್ಸ್ ಸ್ಟಾಪ್. ಆ ಅಲುಗಾಟ ಒಂದು ಮಿಲಿಮೀಟರ್‌ನಷ್ಟೂ ಇರುತ್ತಿರಲಿಲ್ಲ. ಅಗಲ ಟೋಪಿ ಅದನ್ನ ಇನ್ನಷ್ಟು ಎದ್ದು ಕಾಣಿಸುತ್ತಿತ್ತು.

5/7
ಇಲ್ಲಿಗೂ ಅವರು ನಿಲ್ಲಿಸಲಿಲ್ಲ. ಲ್ಯಾಬಿಗೆ ಹೋಗಿ ತಾವೇ ಕುದುರೆಯಾದರು! ಎದುರಿಗಿದ್ದವರು ಮನಸ್ಸಲ್ಲೇ ಒಂದು ಸಂಖ್ಯೆ ಅಂದುಕೊಳ್ಳಬೇಕು, ಇವರು ಕೈಯಿಂದ ತಟ್ಟುತ್ತಾ ಅವರ ತಲೆ ನೋಡಿ ನಿಲ್ಲಿಸೋದು. 25 ಜನರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರ ತಲೆಯೂ ಹಾಗೇ ಅಲುಗಿತು. ತಾವು ಅಲುಗಿದ್ದೇ ಅವರಿಗೆ ಗೊತ್ತಿರಲಿಲ್ಲ. ವೈವಾದಲ್ಲಿ ಉತ್ತರ ಹೇಳ್ತಾ ಹೇಳ್ತಾ ಎಗ್ಸಾಮಿನರ್ ಹುಬ್ಬು ನೋಡ್ತೀವಲ್ಲ, ಹಾನ್ಸ್ ಮಾಡಿದ್ದೂ ಅದನ್ನೇ.

6/7
ಇದರಲ್ಲಿ ಸೋತವರು ಮೇಷ್ಟ್ರು. ಮೋಸ ಮಾಡದೇ ಇದ್ದರೂ ಅವರ ವರ್ಷಗಳ ಪಾಠ ಒಂದು ಡಿಸೆಂಬರ್‌ನ ವರದಿಯಲ್ಲಿ ಕುಸಿದುಬಿತ್ತು. ಅವರು ಅದನ್ನ ಕೊನೆವರೆಗೂ ಒಪ್ಪಲಿಲ್ಲ. 1909ರಲ್ಲಿ ತೀರಿಕೊಂಡರು. ಫುಂಗ್ಸ್ಟ್ ಅವರ ಪುಸ್ತಕ ಬಂದಿದ್ದು 1907ರಲ್ಲಿ. ಅದರಲ್ಲೂ ಮೇಷ್ಟ್ರನ್ನ ಮೋಸಗಾರ ಅಂದಿಲ್ಲ. ಪ್ರಾಮಾಣಿಕರಾಗಿರೋದು ಬೇರೆ, ಸರಿಯಾಗಿರೋದು ಬೇರೆ.

7/7
ಹಳೇ ಕತೆ ನಮಗ್ಯಾಕೆ ಅಂತೀರಾ? 2011ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಡ್ರಗ್ಸ್, ಸ್ಫೋಟಕ ಪತ್ತೆ ಮಾಡೋ 18 ನಾಯಿಗಳನ್ನು, ಅವುಗಳ ಹ್ಯಾಂಡ್ಲರ್‌ಗಳನ್ನು ಪರೀಕ್ಷಿಸಿದರು. ಎಲ್ಲೂ ಏನೂ ಬಚ್ಚಿಟ್ಟಿರಲಿಲ್ಲ. "ಕೆಂಪು ಕಾಗದ ಇರೋ ಕಡೆ ವಾಸನೆ ಇಟ್ಟಿದೆ" ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು, ಅಷ್ಟೇ. "ಸಿಕ್ಕಿತು" ಅನ್ನೋ ವರದಿಗಳು ಸಾಲುಸಾಲಾಗಿ ಬಂದವು, ಅದೂ ಕೆಂಪು ಕಾಗದದ ಹತ್ತಿರವೇ ಜಾಸ್ತಿ. ನಾಯಿ ಬೊಗಳಿತು ಅಂತ ಒಬ್ಬರ ಬ್ಯಾಗ್ ಬಿಚ್ಚಿಸುವ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಅದಕ್ಕೇ ಇವತ್ತು ಕುದುರೆ ಮೇಲೆ ಒಳ್ಳೆ ಪ್ರಯೋಗ ಮಾಡುವವರು, ಯಾವ ಬಕೆಟ್‌ನಲ್ಲಿ ಕ್ಯಾರೆಟ್ ಇದೆ ಅಂತ ಹಗ್ಗ ಹಿಡಿದವನಿಗೂ ಹೇಳೋದಿಲ್ಲ. ಹಾನ್ಸ್‌ಗೆ ಲೆಕ್ಕ ಬರ್ತಿರಲಿಲ್ಲ, ನಿಜ. ಆದರೆ 13 ಜನ ತಜ್ಞರಿಗೆ ಕಾಣದ್ದು ಅದಕ್ಕೆ ಕಾಣುತ್ತಿತ್ತು.

ಮನೇಲಿ ನಾಯಿ ಇದ್ಯಾ? ಎರಡು ಬಟ್ಟಲು ಬೋರಲು ಹಾಕಿ, ಒಂದರ ಕೆಳಗೆ ಬಿಸ್ಕತ್ತು ಬೇರೆಯವರಿಂದ ಇಡಿಸಿ. ಎರಡಕ್ಕೂ ಬಿಸ್ಕತ್ತಿನ ವಾಸನೆ ಹತ್ತಿಸಿರಬೇಕು. ಹತ್ತು ಸಲ ನಿಮಗೆ ಗೊತ್ತಿದ್ದು, ಹತ್ತು ಸಲ ಗೊತ್ತಿಲ್ಲದೆ ಕೇಳಿ ನೋಡಿ. ಎರಡೂ ಲೆಕ್ಕ ಕಾಮೆಂಟಲ್ಲಿ ಹಾಕಿ 👇

#ಇತಿಹಾಸ #ವಿಜ್ಞಾನ #ಕುದುರೆ #ಕನ್ನಡ